ಹಳೇ ರಾಕ್ಷಸರು, ಹೊಸ ಡೌನ್‌ಲೋಡ್

ದೇರೆಬೈಲಿನಲ್ಲಿ ಮಳೆಗಾಲವೆಂದರೆ ಗೋಳಿಬಜೆ, ಕರೆಂಟ್ ಕಟ್ ಮತ್ತು ಲೋಕರಕ್ಷಣೆ. ಮೂರನೆಯದು ನಲವತ್ತು ದಾಟಿದ ಗಂಡಸರ ಇಲಾಖೆ. 1997ರಲ್ಲಿ ಪ್ಲೇಸ್ಟೇಷನ್‌ಗೆ ಮೂರು ಸಿಡಿಗಳಲ್ಲಿ ಬಂದ ‘ಫೈನಲ್ ಫ್ಯಾಂಟಸಿ 7’ ವಿಡಿಯೊ ಗೇಮ್ ಈಗ ಡೌನ್‌ಲೋಡಿಗೇ ಸಿಗುತ್ತದೆ. 1987ರ ಮೊದಲನೆಯದರಿಂದ ಆರನೆಯದರವರೆಗಿನವೂ 2021ರಿಂದ ಹಂತಹಂತವಾಗಿ ‘ಪಿಕ್ಸೆಲ್ ರಿಮಾಸ್ಟರ್’ ಆಗಿ ಬಂದಿವೆ.

ಆಗೆಲ್ಲ ಸೇವ್ ಮಾಡುವ ಮೊದಲೇ ಕರೆಂಟ್ ಹೋದರೆ ಸತ್ತ ರಾಕ್ಷಸರೆಲ್ಲ ಮತ್ತೆ ಜೀವಂತ. ಈಗಿನ ಏಳನೆಯದರಲ್ಲಿ ಮೂರು ಪಟ್ಟು ವೇಗದ ಬಟನ್ ಉಂಟು. ದಾರಿಗಡ್ಡ ಬರುವ ಪುಡಿ ಶತ್ರುಗಳು ಬೇಡವೆಂದರೆ ಬರುವುದೇ ಇಲ್ಲ. ಈ ಸೌಲಭ್ಯ ಸಂಜೆ ಆರಕ್ಕೆ ಕುಂಟಿಕಾನ ಜಂಕ್ಷನ್ನಿನಲ್ಲಿ ಸಿಗಬೇಕಿತ್ತು!

ಮಗಳು ಇಣುಕಿ ನೋಡಿದಳು. “ಅಪ್ಪಾ, ಈ ಹೀರೋಗೆ ಬೆರಳೇ ಇಲ್ಲ!”

“ಬೆರಳಿಲ್ಲದೆಯೂ ಆಳೆತ್ತರದ ಕತ್ತಿ ಎತ್ತುತ್ತಾನೆ ಮಾರಾಯ್ತಿ. ನಿನಗೆ ಹತ್ತು ಉಂಟು, ಉಂಡ ಬಟ್ಟಲು ಎತ್ತಲಿಕ್ಕೆ ಆಗುವುದಿಲ್ಲ.”

ಅಡುಗೆಮನೆಯಿಂದ ಹೆಂಡತಿ: “ಲೋಕ ಉಳಿಸಿ ಆದ ಮೇಲೆ ಗ್ಯಾಸ್ ಬುಕ್ ಮಾಡಿ.”

ಹಳೇ ಆಟ ಕೊಳ್ಳುವವರಿಗೆ ಒಂದೇ ಕಿವಿಮಾತು: ಪೂರ್ತಿ ಬೆಲೆ ಕೊಡಬೇಡಿ, ಸೇಲ್ ಬರಲಿ. 1997ರಿಂದ ಕಾದ ರಾಕ್ಷಸ ದೀಪಾವಳಿವರೆಗೆ ಕಾಯಲಾರನೇ?