ಪಿತೃಪಕ್ಷದಲ್ಲಿ ಪ್ಯಾರಿಸ್ಸು

ಪ್ಯಾರಿಸ್ಸಿಗೆ ಹೋಗೋಕೆ ಒಳ್ಳೇ ಕಾಲ ಯಾವುದು ಅಂತ ದಯವಿಟ್ಟು ಪ್ಯಾರಿಸ್ಸಿನವರನ್ನು ಕೇಳಬೇಡಿ. ‘ಏಪ್ರಿಲ್ ಕೊನೆಯಿಂದ ಜೂನ್, ತಪ್ಪಿದರೆ ಸೆಪ್ಟೆಂಬರ್’ ಅಂತ ಒಂದೇ ಉಸಿರಿಗೆ ಹೇಳಿ ಮುಗಿಸಿಬಿಡ್ತಾರೆ. ಇಂಥ ವಿಷಯವನ್ನು ಅಷ್ಟು ಬೇಗ ಮುಗಿಸೋದು ನಮ್ಮ ಕಡೆ ಮರ್ಯಾದೆಯಲ್ಲ. ಶಿಡ್ಲಘಟ್ಟದಲ್ಲಿ ಕೇಳಿ, ಚಿಂತಾಮಣಿಯಲ್ಲಿ ಕೇಳಿ. ಗೌರಿಬಿದನೂರಿನಲ್ಲಿ ಕೇಳೋ ಮುಂಚೆ ಮಾತ್ರ ಕಾಫಿ ಕುಡಿದು ಗೋಡೆಗೆ ಒರಗಿ ಕೂತುಕೊಳ್ಳಿ. ಅಲ್ಲಿ ಪಂಚಾಂಗ ಹೊರಗೆ ಬರುತ್ತೆ.

ನಮ್ಮ ಅಕ್ಕನ ಮಗಳು ಪ್ಯಾರಿಸ್ಸಿನಲ್ಲಿ ಕೆಲಸಕ್ಕಿದ್ದಾಳೆ. ‘ಅಪ್ಪ ಅಮ್ಮ ಇಬ್ಬರೂ ಬನ್ನಿ, ಯಾವಾಗ ಅಂತ ಹೇಳಿದ್ರೆ ಸಾಕು, ಟಿಕೆಟ್ ನಾನು ಮಾಡಿಸ್ತೀನಿ’ ಅಂದಳು. ಪಾಪ, ಕಷ್ಟದ ಕೆಲಸವೆಲ್ಲ ತಾನು ವಹಿಸಿಕೊಂಡು ಸುಲಭದ್ದನ್ನು ನಮಗೆ ಬಿಟ್ಟೆ ಅಂದುಕೊಂಡಿದ್ದಳು. ಭಾವನ ಬಾಯಿಂದ ಬಂದ ಮೊದಲ ಮಾತು, ‘ಹುಳ ಇದೆಯಲ್ಲಮ್ಮ.’

ಶಿಡ್ಲಘಟ್ಟದ ಪಕ್ಕದ ಹಳ್ಳಿಯವನಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನಿಂದ ಓದುವವರಿಗಾಗಿ ಹೇಳ್ತೀನಿ. ನಮ್ಮ ಭಾವನಿಗೆ ಜನವರಿ, ಫೆಬ್ರವರಿ ಅನ್ನೋ ತಿಂಗಳುಗಳು ಗೋಡೆ ಮೇಲೆ ಮಾತ್ರ ಇವೆ. ಅವರ ಲೆಕ್ಕವೆಲ್ಲ ಚಾಕಿ (ಅಂದರೆ ಎಳೇ ಹುಳ), ಎರಡನೇ ಜ್ವರ, ಮೂರನೇ ಜ್ವರ, ನಾಲ್ಕನೇ ಜ್ವರ, ಹಣ್ಣು. ರೇಷ್ಮೆ ಹುಳ ಗೂಡು ಕಟ್ಟೋ ಹೊತ್ತಿಗೆ ನಾಲ್ಕು ಸಲ ಪೊರೆ ಬಿಡುತ್ತೆ, ಅದಕ್ಕೆ ಜ್ವರ ಅಂತಾರೆ. ಆಗ ಹುಳ ತಲೆ ಎತ್ತಿಕೊಂಡು ಅಲ್ಲಾಡದೆ ನಿಂತಿರುತ್ತೆ. ನಾಲ್ಕನೇ ಜ್ವರದಿಂದ ಎದ್ದ ಮೇಲೆ ನೋಡಬೇಕು, ರಾತ್ರಿ ಹಗಲು ಸೊಪ್ಪು ಸುರೀತಾನೇ ಇರಬೇಕು. ಹಂಚಿನ ಮೇಲೆ ಜಡಿಮಳೆ ಬಿದ್ದ ಹಾಗೆ ಮೇಯೋ ಸದ್ದು. ಬೆಳಗಿನ ಜಾವ ಭಾವ ಹುಳದ ಮನೆಗೆ ಹೋಗಿ, ಸೊಪ್ಪು ಸರಿಸಿ ಒಂದು ಹುಳವನ್ನು ಬೆರಳ ಮೇಲೆ ಎತ್ತಿಕೊಂಡು ಮೊಬೈಲ್ ಟಾರ್ಚಿಗೆ ಹಿಡೀತಾರೆ. ಕತ್ತಿನ ಹತ್ತಿರ ಬೆಳಕು ಒಳಗಿಂದ ಹಾಯ್ದು ಕಂಡರೆ ಹಣ್ಣಾಗಿದೆ ಅಂತ. ಅವತ್ತು ಮನೆಯಲ್ಲಿ ಯಾರಿಗೂ ತಿಂಡಿ ಇಲ್ಲ. ಎಲ್ಲರೂ ಹುಳ ಆಯ್ದು, ಅವು ಗೂಡು ಕಟ್ಟೋ ಚಂದ್ರಿಕೆಗೆ ಹಾಕೋದೇ. ಒಂದು ದಿನ ತಡವಾದರೆ ನೂಲನ್ನೆಲ್ಲ ಸೊಪ್ಪಿನ ಮೇಲೇ ಕಕ್ಕಿಬಿಡುತ್ತೆ. ಇಂಥ ಮನುಷ್ಯನಿಗೆ ‘ಮೇ ತಿಂಗಳಲ್ಲಿ ಪ್ಯಾರಿಸ್ಸು ತುಂಬ ಚೆನ್ನಾಗಿರುತ್ತಪ್ಪ’ ಅಂದರೆ ಏನು ಹೇಳ್ತಾನೆ?

‘ಗೂಡು ಬಿಡಿಸಿದ ಮೇಲೆ ಬರ್ತೀವಿ.’

‘ಅದು ಯಾವಾಗಪ್ಪ?’

‘ಅದೇ, ಮಾರ್ಕೆಟ್ಟಲ್ಲಿ ರೇಟ್ ನೋಡ್ಕೊಂಡು.’

ವರ್ಷಕ್ಕೆ ಐದಾರು ಬೆಳೆ ತೆಗೆಯೋ ಮನೆ ಅದು. ಒಂದು ಗೂಡು ಮಾರ್ಕೆಟ್ಟಿಗೆ ಹೋಗೋ ಹೊತ್ತಿಗೆ ಇನ್ನೊಂದು ಚಾಕಿ ಬಂದು ಕೂತಿರುತ್ತೆ. ನಡುವೆ ಸಿಗೋ ಬಿಡುವಲ್ಲಿ ಮನೆ ತೊಳೆದು ಔಷಧಿ ಹೊಡೀಬೇಕು, ತೋಟಕ್ಕೆ ಗೊಬ್ಬರ ಹಾಕಬೇಕು. ಆ ಸಂದಿಯಲ್ಲಿ ಐಫೆಲ್ ಗೋಪುರವನ್ನು ತೂರಿಸೋದು ಹೇಗೆ?

ಮೇ ಬೇಡ ಅನ್ನೋಕೆ ಅಕ್ಕನ ಹತ್ತಿರ ಬೇರೆ ಕಾರಣ ಇತ್ತು. ಮೇ ಅಂದರೆ ಮದುವೆಗಳ ತಿಂಗಳು. ‘ನಾವು ಅವರ ಮನೆ ಮದುವೆಗೆ ಹೋಗದಿದ್ರೆ ನಾಳೆ ನಿನ್ನ ಮದುವೆಗೆ ಯಾರೇ ಬರ್ತಾರೆ?’ ಅಂತ ಮಗಳಿಗೇ ತಿರುಗಿಸಿದಳು. ಅಲ್ಲಿಂದ ಮುಂದೆ ಆ ಫೋನಿನಲ್ಲಿ ಪ್ಯಾರಿಸ್ಸಿನ ಮಾತು ನಡೀಲಿಲ್ಲ ಅಂತ ಬೇರೆ ಹೇಳಬೇಕೇ? ನನ್ನ ಕೇಳಿದರೆ ಬೇಸಿಗೆ ರಜೆಯಲ್ಲಿ ಪ್ಯಾರಿಸ್ಸಿಗೆ ಹೋಗೋದು ಅಂದರೆ ಜಯನಗರಕ್ಕೆ ಹೋದ ಹಾಗೇ. ಪ್ಯಾಕೇಜ್ ಬಸ್ಸುಗಳೆಲ್ಲ ಆಗಲೇ ಹೊರಡೋದು. ಗೋಪುರದ ಕೆಳಗೆ ಪುಳಿಯೋಗರೆ ಪೊಟ್ಟಣ ಬಿಚ್ಚೋರಲ್ಲಿ ನಿಮ್ಮ ಹಳೇ ಮನೆ ಓನರ್ರೂ ಸಿಕ್ಕಬಹುದು.

ಆಷಾಢಕ್ಕೆ ನಾನೇ ಸೂಚನೆ ಮಂಡಿಸಿದೆ. ಮದುವೆ ಇಲ್ಲ, ಗೃಹಪ್ರವೇಶ ಇಲ್ಲ, ಹೂವಿಗೆ ರೇಟೂ ಇಲ್ಲ. ಅಲ್ಲಿ ನೋಡಿದರೆ ಜೂನ್ ಕೊನೆ, ಜುಲೈ ಅಂದರೆ ಹಗಲು ಮುಗಿಯೋದೇ ಇಲ್ಲ. ಹೊತ್ತು ಮುಳುಗೋಕೆ ರಾತ್ರಿ ಹತ್ತು ಗಂಟೆ ಹತ್ತಿರ ಆಗುತ್ತೆ, ಎಷ್ಟು ಬೇಕಾದರೂ ಸುತ್ತಬಹುದು ಅಂದೆ. ಅಕ್ಕ ಸ್ವಲ್ಪ ಹೊತ್ತು ಯೋಚನೆ ಮಾಡಿ ಕೇಳಿದಳು, ‘ಹಂಗಾದ್ರೆ ದೇವರಿಗೆ ದೀಪ ಹಚ್ಚೋದು ಯಾವಾಗಲೋ? ಹತ್ತು ಗಂಟೆಗಾ?’ ನನ್ನ ಹತ್ತಿರ ಉತ್ತರ ಇರಲಿಲ್ಲ. ಫ್ರೆಂಚರ ಹತ್ತಿರವೂ ಇರಲಾರದು.

ಅಷ್ಟರಲ್ಲಿ ನನ್ನ ಷಡ್ಡಕ ಚಿಂತಾಮಣಿಯಿಂದ ಬಾಯಿ ಹಾಕಿದರು. ಅವರು ಟೊಮೆಟೊ ಬೆಳೆಯೋರು. ‘ಜುಲೈನಲ್ಲಿ ಊರು ಬಿಟ್ಟು ಹೋಗೋನು ರೈತನೇ ಅಲ್ಲ ಬಿಡಿ’ ಅಂತ ತೀರ್ಪು ಕೊಟ್ಟರು. 2023ರ ಜುಲೈ ಅವರ ತಲೆಯಿಂದ ಇನ್ನೂ ಇಳಿದಿಲ್ಲ. ನಮ್ಮ ಸೀಮೆ ಮಾರುಕಟ್ಟೆಗಳಲ್ಲಿ ಹದಿನೈದು ಕೇಜಿ ಬಾಕ್ಸು ಎರಡು ಸಾವಿರ ದಾಟಿ, ಜನ ತೋಟಕ್ಕೆ ಕಾವಲು ಮಲಗಿದ ಕಾಲ ಅದು. ‘ಆವತ್ತು ನಾನು ಪ್ಯಾರಿಸ್ಸಲ್ಲಿ ಇದ್ದಿದ್ರೆ ಈ ಜನ್ಮದಲ್ಲಿ ಸಮಾಧಾನ ಆಗ್ತಿತ್ತಾ?’ ಅದಾದ ಮೇಲೆ ಎಷ್ಟು ಸಲ ಟೊಮೆಟೊ ರಸ್ತೆ ಬದಿಗೆ ಸುರಿದರು ಅಂತ ನಾನು ಕೇಳಲಿಲ್ಲ. ಷಡ್ಡಕರ ಜೊತೆ ಅಷ್ಟು ಸಲುಗೆ ಒಳ್ಳೇದಲ್ಲ.

ಈ ವಾದ ಕೇಳ್ತಾ ಕೇಳ್ತಾ ನನಗೆ ಒಂದು ವಿಷಯ ಖಾತ್ರಿಯಾಯಿತು. ಸೀಸನ್ ಅನ್ನೋದು ಹೋಗೋ ಊರಿನದಲ್ಲ, ಬಿಟ್ಟು ಹೊರಡೋ ಊರಿನದು. ನಮ್ಮ ಮನೆ ಬಾಗಿಲಲ್ಲೇ ಇರೋ ನಂದಿಬೆಟ್ಟ ನೋಡಿ. 4,851 ಅಡಿ ಎತ್ತರ. ಬೆಂಗಳೂರಿನ ಸೆಕೆ ತಡೀಲಾರದೆ ಕಬ್ಬನ್ ಸಾಹೇಬರು ಅಲ್ಲಿ ಮನೆ ಕಟ್ಟಿಸಿಕೊಂಡರು. (ಅವರ ಕಾಲದ ಬೆಂಗಳೂರಿಗೂ ಸೆಕೆ ಅಂದವರು ಇವತ್ತಿನ ಏಪ್ರಿಲ್ ಕಂಡಿದ್ದರೆ ಹಿಮಾಲಯಕ್ಕೇ ಹೋಗ್ತಿದ್ದರೇನೋ.) 1927ರ ಬೇಸಿಗೆಯಲ್ಲಿ ಆರೋಗ್ಯ ಕೆಟ್ಟಿದ್ದ ಗಾಂಧೀಜಿ ಸುಧಾರಿಸಿಕೊಂಡಿದ್ದು ಅಲ್ಲೇ. 1986ರ ನವೆಂಬರಿನಲ್ಲಿ ಸಾರ್ಕ್ ದೇಶಗಳ ನಾಯಕರನ್ನೂ ಆ ಬೆಟ್ಟಕ್ಕೆ ಹತ್ತಿಸಿದರು. ಹೀಗೆ ಬಂದವರೆಲ್ಲ ಅವರವರ ಅನುಕೂಲಕ್ಕೆ ಬಂದರೇ ಹೊರತು ಬೆಟ್ಟದ ಅನುಕೂಲ ಕೇಳಿದವರಿಲ್ಲ. ಈಗ ಬೆಂಗಳೂರಿನವರಿಗೆ ನಂದಿಯ ಸೀಸನ್ ಅಂದರೆ ಶನಿವಾರ, ಭಾನುವಾರ. ರಾತ್ರಿ ಮೂರಕ್ಕೆ ಎದ್ದು, ಗೇಟಿನ ಮುಂದೆ ಸಾಲು ನಿಂತು, ಸೂರ್ಯೋದಯಕ್ಕೆ ಅಂತ ಹತ್ತಿ, ಪಕ್ಕದಲ್ಲಿ ನಿಂತಿರೋ ಹೆಂಡತಿ ಮುಖವೂ ಕಾಣದಂಥ ಮಂಜು ನೋಡಿಕೊಂಡು, ‘ಸೂಪರಾಗಿತ್ತು’ ಅಂತ ಇಳೀತಾರೆ. 2021ರ ಆಗಸ್ಟಿನಲ್ಲಿ ಮಳೆ ಜಾಸ್ತಿಯಾಗಿ ಗುಡ್ಡ ಕುಸಿದು, ರಸ್ತೆ ಕೊಚ್ಚಿಹೋಗಿ, ತಿಂಗಳುಗಟ್ಟಲೆ ಯಾರೂ ಹತ್ತೋ ಹಾಗಿರಲಿಲ್ಲ. ಬೆಟ್ಟದ ಮಟ್ಟಿಗೆ ಅದೇ ಒಳ್ಳೇ ಸೀಸನ್ ಇರಬೇಕು. ಚಿಕ್ಕಬಳ್ಳಾಪುರದವರು ಯಾವಾಗ ಹೋಗ್ತಾರೆ ಅಂದರೆ ಶಿವರಾತ್ರಿಗೆ. ಅದೂ ಬೆಟ್ಟಕ್ಕಲ್ಲ, ಕೆಳಗೆ ಭೋಗನಂದೀಶ್ವರನ ತೇರಿಗೆ.

ಗೌರಿಬಿದನೂರಿನ ಸರದಿ ಬಂತು. ಭಾವನ ಅಣ್ಣ ಅಲ್ಲಿ ನಿವೃತ್ತ ಮೇಷ್ಟ್ರು. ವಿಚಾರವಾದಿ ಎಚ್. ನರಸಿಂಹಯ್ಯನವರ ಹೊಸೂರಿನ ಆಸುಪಾಸಿನವರಾದ್ದರಿಂದ ಪಂಚಾಂಗವನ್ನು ನಂಬೋದಿಲ್ಲ, ನೋಡ್ತಾರೆ ಅಷ್ಟೇ. ಯುರೋಪಿಗೆ ಸೆಪ್ಟೆಂಬರೇ ಸರಿ, ಬಿಸಿಲೂ ಹದ, ಜನವೂ ಕಮ್ಮಿ ಅಂತ ಅಕ್ಕನ ಮಗಳು ಕಳಿಸಿದ್ದನ್ನೆಲ್ಲ ಓದಿದರು. ತಲೆದೂಗಿದರು. ಆಮೇಲೆ ಕನ್ನಡಕ ಮೇಲಕ್ಕೆ ಸರಿಸಿ, ‘ನೋಡಪ್ಪಾ, ನಾನೇನೂ ಇದನ್ನೆಲ್ಲ ನಂಬೋನಲ್ಲ. ಆದರೂ ಪಿತೃಪಕ್ಷದಲ್ಲಿ ಪ್ಯಾರಿಸ್ಸು ಅಂದ್ರೆ ಜನ ಏನಂತಾರೆ?’ ಅಂದರು.

‘ಹಿರಿಯರು ಮನೆಗೆ ಬಂದಾಗ ಬಾಗಿಲಿಗೆ ಬೀಗ ಇದ್ರೆ ಹೆಂಗೆ?’ ಅಂತ ಅಕ್ಕನೂ ಸೇರಿಕೊಂಡಳು.

‘ಅವರನ್ನೂ ಅಲ್ಲಿಗೇ ಕರೆದರೆ ಆಯ್ತು’ ಅಂದೆ. ಯಾರೂ ನಗಲಿಲ್ಲ.

ಮೇಷ್ಟ್ರು ಸುಮ್ಮನಾಗೋರಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರನ್ನೇ ಸಾಕ್ಷಿಗೆ ಕರೆದರು. ಮುಂಬಯಿ ಸರ್ಕಾರದ ಕೆಲಸ ಬಿಟ್ಟು ಅವರು 1908ರಲ್ಲಿ ಯುರೋಪು ಸುತ್ತೋಕೆ ಹೋಗಿದ್ದಾಗ, ಇತ್ತ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದು ಮುಳುಗಿತು. ಊರನ್ನು ನೆರೆಯಿಂದ ಕಾಪಾಡೋ ದಾರಿ ಹೇಳಿ ಅಂತ ನಿಜಾಮರ ಸರ್ಕಾರದಿಂದ ಕರೆ ಅಲ್ಲಿಗೇ ಹೋಯಿತು. ‘ನೋಡಿದ್ರಾ? ಸೆಪ್ಟೆಂಬರಲ್ಲಿ ಊರು ಬಿಟ್ರೆ ಹೀಗೇ.’ ಆದರೆ ಅವರು ಕರೆ ಬಂದ ಕೂಡಲೇ ಗಂಟುಮೂಟೆ ಕಟ್ಟಲಿಲ್ಲ, ಪ್ರವಾಸ ಮುಗಿಸಿಕೊಂಡೇ 1909ರಲ್ಲಿ ಹೈದರಾಬಾದಿಗೆ ಬಂದದ್ದು ಅಂತ ನಾನು ಹೇಳಿದೆ. ಮೇಷ್ಟ್ರು ಪಂಚಾಂಗ ಮಡಚಿಟ್ಟು ನೀರು ಕೇಳಿದರು.

ಆಗಸ್ಟ್ ಬಗ್ಗೆ ಹೆಚ್ಚು ಚರ್ಚೆ ಆಗಲಿಲ್ಲ. ಆ ತಿಂಗಳು ಪ್ಯಾರಿಸ್ಸಿನವರೇ ರಜೆ ಹಾಕಿ ಸಮುದ್ರದ ಕಡೆ ಹೊರಟುಬಿಡ್ತಾರೆ, ಎಷ್ಟೋ ಬ್ರೆಡ್ಡಿನ ಅಂಗಡಿಗಳಿಗೂ ಬೀಗ. ಮನೆಯವರೇ ಇಲ್ಲದ ಮನೆಗೆ ನೆಂಟರು ಹೋಗೋದು ಯಾವ ನ್ಯಾಯ? ಸೆಕೆಯ ಮಾತೂ ಬಂತು. 2019ರ ಜುಲೈ 25ರಂದು ಪ್ಯಾರಿಸ್ಸಿನಲ್ಲಿ 42.6 ಡಿಗ್ರಿ ಬಿಸಿಲು ಅಂತ ಕೇಳಿ ಭಾವ ಬೆಚ್ಚಿಬಿದ್ದರು. ತಮಗಾಗಿ ಅಲ್ಲ. ‘ಅಷ್ಟು ಕಾವಿಗೆ ಹುಳ ಉಳಿಯುತ್ತೇನೋ?’

ಹುಳ ಅಂದಾಗ ನನಗೆ ಪಾಸ್ತರ್ ನೆನಪಾದ. ಹೇಳಬಾರದಿತ್ತೋ ಏನೋ, ಹೇಳಿಬಿಟ್ಟೆ. ನೂರೈವತ್ತು ವರ್ಷದ ಹಿಂದೆ ಫ್ರಾನ್ಸೂ ಒಂದು ದೊಡ್ಡ ಶಿಡ್ಲಘಟ್ಟವೇ ಆಗಿತ್ತು. ದಕ್ಷಿಣದಲ್ಲಿ ಹುಳ ಸಾಕೋರು, ಲಿಯೋನ್ ಊರಿನಲ್ಲಿ ನೇಯೋರು. ಗಂಟು ರೋಗ ಬಂದು ಹುಳವೆಲ್ಲ ಮೈಮೇಲೆ ಕಾಳುಮೆಣಸಿನ ಪುಡಿ ಉದುರಿಸಿದಂಥ ಚುಕ್ಕೆ ಎದ್ದು ಸಾಯತೊಡಗಿತು. ರೈತರು ಬೀದಿಗೆ ಬಿದ್ದರು. ಸರ್ಕಾರ 1865ರಲ್ಲಿ ಲೂಯಿ ಪಾಸ್ತರನನ್ನು ಅಲೆಸ್ ಅನ್ನೋ ಊರಿಗೆ ಕಳಿಸಿತು. ಅದಕ್ಕೆ ಮುಂಚೆ ಅವನು ರೇಷ್ಮೆ ಹುಳ ಕೈಯಲ್ಲಿ ಹಿಡಿದವನೇ ಅಲ್ಲ. ಮೊಟ್ಟೆ ಇಟ್ಟ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡು. ರೋಗದ ಕಣ ಕಂಡರೆ ಆ ಮೊಟ್ಟೆ ಸುಟ್ಟುಹಾಕು, ಕಾಣದಿದ್ದರೆ ಸಾಕು. ಇದು ಅವನು ಕಂಡುಕೊಟ್ಟ ದಾರಿ. ಇವತ್ತಿಗೂ ನಮ್ಮ ರೇಷ್ಮೆ ಮೊಟ್ಟೆ ಕೇಂದ್ರಗಳಲ್ಲಿ ನಡೆಯೋದು ಆ ಪರೀಕ್ಷೆಯೇ. ಭಾವ ತರೋ ಒಂದೊಂದು ಮೊಟ್ಟೆ ಚಾಕಿಯ ಹಿಂದೆಯೂ ಆ ಫ್ರೆಂಚ್ ಗಡ್ಡ ಇದೆ.

ಭಾವ ಕಣ್ಣು ಅಗಲಿಸಿ ಕೇಳಿಸಿಕೊಂಡರು. ‘ಅವನು ಅಲ್ಲಿಗೆ ಯಾವಾಗ ಹೋಗ್ತಿದ್ದನಂತೆ?’

‘ಹುಳದ ಕಾಲಕ್ಕೆ. ವಸಂತದಲ್ಲಿ. ಅವರಿಗೆ ವರ್ಷಕ್ಕೆ ಒಂದೇ ಬೆಳೆ.’

‘ಒಂದೇ ಬೆಳೆನಾ! ಅದಕ್ಕೇ ನೋಡು ಅವರಿಗೆ ಇಷ್ಟೊಂದು ರಜಾ’ ಅಂದವರು, ತಕ್ಷಣ ಇನ್ನೊಂದು ಪಾಯಿಂಟು ಹಿಡಿದರು. ‘ಅಂದ್ರೆ ಪ್ಯಾರಿಸ್ಸು ಚೆನ್ನಾಗಿರೋ ಕಾಲದಲ್ಲೇ ಅವನು ಪ್ಯಾರಿಸ್ಸು ಬಿಟ್ಟು ಹುಳ ನೋಡೋಕೆ ಹೋದ. ಹೌದಾ? ಈಗ ಹೇಳು, ನಾನು ಹೇಳಿದ್ದರಲ್ಲಿ ಏನು ತಪ್ಪಿದೆ?’

ವಾದದಲ್ಲಿ ಭಾವ ಗೆದ್ದರು. ಆದರೂ ಆವತ್ತಿನಿಂದ ಅವರಿಗೆ ಹೋಗಲೇಬೇಕು ಅನ್ನೋ ಹಟ ಹತ್ತಿತು. ಪಾಸ್ತರನ ಸಮಾಧಿ ಅವನ ಹೆಸರಿನ ಸಂಸ್ಥೆಯ ಕಟ್ಟಡದಲ್ಲೇ ಇದೆ ಅಂತ ತಿಳಿದದ್ದೇ ತಡ, ಮಗಳಿಗೆ ಫೋನು. ‘ಆ ಗೋಪುರ ಇದ್ದರೂ ಇರಲಿ, ನಂಗೆ ಆ ಪುಣ್ಯಾತ್ಮನ ಜಾಗ ತೋರ್ಸು.’ ನಮ್ಮೂರ ಕಡೆಯವರು ವೀಸಾಕ್ಕೆ 90 ಯೂರೋ ಕಟ್ಟಿ ಹುಳದ ಡಾಕ್ಟರ ಸಮಾಧಿಗೆ ಹೂ ಹಾಕೋಕೆ ಹೊರಡ್ತಾರೆ ಅಂತ ಆ ದೇಶದವರಿಗೆ ಗೊತ್ತಾದರೆ ಆ ದುಡ್ಡಾದರೂ ಬಿಡ್ತಾರೋ ಏನೋ.

ಕೂಡಿ ಕಳೆದು ನೋಡಿದರೆ ಒಂದು ಬೆಳೆ ಬಿಟ್ಟುಕೊಡೋ ಹಾಗೆ ಉಳಿದದ್ದು ಡಿಸೆಂಬರ್ ಕೊನೆ. ಚಳಿಗೆ ಸೊಪ್ಪೂ ನಿಧಾನ, ಹುಳವೂ ನಿಧಾನ. ಧನುರ್ಮಾಸ, ಮದುವೆ ಇಲ್ಲ. ಅಲ್ಲಿ ಬೆಳಗ್ಗೆ ಎಂಟೂವರೆ ಆದರೂ ಹೊತ್ತು ಹುಟ್ಟಲ್ಲ, ಸಂಜೆ ಐದಕ್ಕೆಲ್ಲ ಮುಳುಗಿಬಿಡುತ್ತೆ. ಅಕ್ಕನಿಗೆ ಅದು ಬಹಳ ಹಿಡಿಸಿತು, ದೀಪದ ಸಮಸ್ಯೆ ಬಗೆಹರೀತು. ಲೂವ್ರ್ ಮ್ಯೂಸಿಯಂ ಮಂಗಳವಾರ ರಜಾ ಅಂತ ಕೇಳಿ ಮೇಷ್ಟ್ರೂ ಒಪ್ಪಿದರು. ಮಂಗಳವಾರ ಹೊಸ ಜಾಗಕ್ಕೆ ಹೋಗಬಾರದು ಅಂತ ಅವರಿಗಾದರೂ ತಿಳಿದಿದೆಯಲ್ಲ ಅಂದರು. ನಂಬೋದಿಲ್ಲ ಅಂತ ಮತ್ತೊಮ್ಮೆ ಸೇರಿಸಿದರು.

ಭಾವ ದೊಡ್ಡದಾಗಿ ಮಗಳಿಗೆ ಫೋನು ಮಾಡಿ, ಸ್ಪೀಕರಿಗೆ ಹಾಕಿ, ‘ಡಿಸೆಂಬರ್ ಫಿಕ್ಸ್’ ಅಂದರು.

ಆ ಕಡೆಯಿಂದ ಒಂದು ಕ್ಷಣ ಸದ್ದೇ ಇಲ್ಲ.

‘ಅಯ್ಯೋ ಅಪ್ಪ, ಡಿಸೆಂಬರಲ್ಲಿ ಯಾರಾದ್ರೂ ಇಲ್ಲಿರ್ತಾರಾ? ಕ್ರಿಸ್‌ಮಸ್ ರಜೆಗೆ ನಾನೇ ಊರಿಗೆ ಟಿಕೆಟ್ ಮಾಡಿಸಿ ಆಯ್ತು. ಹಿತಕಿದ ಬೇಳೆ ಸಾರು ತಿಂದು ಎರಡು ವರ್ಷ ಆಯ್ತಪ್ಪ. ಇಪ್ಪತ್ತನೇ ತಾರೀಖಿಗೆ ಹೊರಡ್ತೀನಿ, ಅಷ್ಟೊತ್ತಿಗೆ ಅವರೆಕಾಯಿ ಬಂದಿರುತ್ತಲ್ಲ?’

ಭಾವನಿಗೆ ಬೇಜಾರಾಗುತ್ತೆ ಅಂತ ನಾವೆಲ್ಲ ಅವರ ಮುಖ ನೋಡಿದೆವು. ಅವರು ಗಂಭೀರವಾಗಿ ಮುಂಗಾಲ ಮೇಲೆ ಕೂತು ಲೆಕ್ಕ ಹಾಕ್ತಿದ್ದರು.

‘ಇಪ್ಪತ್ತು ಬೇಡ ಮಗಳೇ. ಕಾಯಿ ಬಂದಿರುತ್ತೆ, ಆದ್ರೆ ಇಬ್ಬನಿ ಸರಿಯಾಗಿ ಬೀಳದೆ ಸೊಗಡು ಬರಲ್ಲ. ಇನ್ನೊಂದು ವಾರ ಬಿಟ್ಟು ಬಾ.’