ಬೋರ್ಡ್ ಯಾವುದ್ರಿ?

ನಮ್ಮ ಸಗರನಾಡಿನಲ್ಲಿ ಹೆಣ್ಣು ಕೊಡುವವರು ಹೊಲ ಎಷ್ಟೆಕರೆ ಎನ್ನುವ ಮೊದಲೇ ಕಾಲುವೆಯ ಮೊದಲಿಗೋ ಕೊನೆಯಂಚಿಗೋ ಎಂದು ವಿಚಾರಿಸುತ್ತಾರೆ. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಕಲಿತ ಜಾಣತನ. ಅದೇ ಜಾಣರು ಯಾದಗಿರಿಗೆ ಕಂಪ್ಯೂಟರ್ ಕೊಳ್ಳಲು ಬಂದರೆ "ಐ5 ಅದನ್ರೀ, ಐ7 ಅದನ?" ಎಂದು ಪ್ರೊಸೆಸರನ್ನಷ್ಟೇ ಕೇಳಿ, ಅಂಗಡಿಯವನ ಚಹಾ ಕುಡಿದು ದುಡ್ಡು ಎಣಿಸುತ್ತಾರೆ. ಮದರ್‌ಬೋರ್ಡಿನ ಮೇಲಿನ ಚಿಪ್‌ಸೆಟ್ ಯಾವುದೆಂದು ಕೇಳಿದವರನ್ನು ನಾನು ಕಂಡಿಲ್ಲ.

ಹಿಂದೆ ಚಿಪ್‌ಸೆಟ್ ಎಂದರೆ ಎರಡು ಚಿಪ್ಪುಗಳು. ನಾರ್ತ್‌ಬ್ರಿಡ್ಜ್ ಪ್ರೊಸೆಸರು, ರ‍್ಯಾಮುಗಳ ನಡುವೆ ಓಡಾಡುತ್ತಿತ್ತು; ಡಿಸ್ಕು, ಯುಎಸ್‌ಬಿ, ಸೌಂಡಿನಂಥ ಚಿಲ್ಲರೆ ವ್ಯವಹಾರವೆಲ್ಲ ಸೌತ್‌ಬ್ರಿಡ್ಜಿನದು. 2003ರಲ್ಲಿ ಎಎಂಡಿ, 2008ರಲ್ಲಿ ಇಂಟೆಲ್ ರ‍್ಯಾಮಿನ ಉಸ್ತುವಾರಿಯನ್ನು ಪ್ರೊಸೆಸರಿನೊಳಕ್ಕೇ ಎಳೆದುಕೊಂಡವು. ಚಿಲ್ಲರೆಯದು ಹೊರಗೇ ಉಳಿಯಿತು. ಈಗ ಚಿಪ್‌ಸೆಟ್ ಎಂದರೆ ಹೆಚ್ಚುಕಡಿಮೆ ಅದೇ.

ಚಿಲ್ಲರೆಯೆಂದು ಹಗುರಾಗಿ ನೋಡುವಂತಿಲ್ಲ. ಅದರ ಕೆಳಗಿರುವ ಎಲ್ಲರಿಗೂ ಪ್ರೊಸೆಸರಿಗೆ ಹೋಗಲು ಇರುವುದು ಒಂದೇ ದಾರಿ, ಹಂಚಿಕೊಳ್ಳಬೇಕು. ನೀರಗಂಟಿ ತೂಬು ಎತ್ತಿದಷ್ಟೇ ನೀರು. ನಮ್ಮ ಸಂಬಂಧಿಕರೊಬ್ಬರು ಎಚ್61 ಚಿಪ್‌ಸೆಟ್ಟಿನ ಹಳೆಯ ಬೋರ್ಡಿಗೆ ಹೊಸ ಎಸ್‌ಎಸ್‌ಡಿ ಹಾಕಿಸಿದರು. ಡಬ್ಬಿಯ ಮೇಲೆ ಸೆಕೆಂಡಿಗೆ 500 ಎಂಬಿ ಎಂದಿತ್ತು. ಡಿಸ್ಕು ಜೋಡಿಸುವ ಆ ಚಿಪ್‌ಸೆಟ್ಟಿನ ಸಾಟಾ ಪೋರ್ಟು 3 ಗಿಗಾಬಿಟ್‌ನದು, 300 ಎಂಬಿ ದಾಟುವುದಿಲ್ಲ. ವಿವರಿಸಲು ನಾನು ಕಾಗದ ತೆಗೆಯುವಷ್ಟರಲ್ಲಿ, "ಡ್ಯಾಮ್ ತುಂಬ್ಯಾದ ಅಂತಾರ, ನಮ್ಮ ಹೊಲಕ್ಕ ನೀರಿಲ್ಲ, ಅಷ್ಟ ಹೌದಲ್ರಿ?" ಎಂದರು. ಕೊನೆಯಂಚಿನವರು, ಕಾಗದ ಬೇಕಾಗಲಿಲ್ಲ.

ಅದೇ ಸರಣಿಯ ಚಿಪ್‌ಸೆಟ್ 2011ರ ಜನವರಿಯಲ್ಲಿ ಇಂಟೆಲ್‌ಗೂ ನೀರು ಕುಡಿಸಿತ್ತು. ಒಂದು ಟ್ರಾನ್ಸಿಸ್ಟರಿನ ದೋಷದಿಂದ ಕೆಲವು ಸಾಟಾ ಪೋರ್ಟುಗಳು ದಿನ ಕಳೆದಂತೆ ಸೋಲಬಹುದೆಂದು ಗೊತ್ತಾಗಿ ಕಂಪನಿ ಸಾಗಣೆಯನ್ನೇ ನಿಲ್ಲಿಸಿತು. ದುರಸ್ತಿ, ಬದಲಾವಣೆಗೆ ಅಂದಾಜಿಸಿದ ಖರ್ಚು 70 ಕೋಟಿ ಡಾಲರ್! ಪ್ರೊಸೆಸರಿಗೆ ಏನೂ ಆಗಿರಲಿಲ್ಲ.

ತಾರೀಖು ಇಡುವ ಗಡಿಯಾರವೂ ಸಾಮಾನ್ಯವಾಗಿ ಚಿಪ್‌ಸೆಟ್ಟಿನೊಳಗೇ ಇರುತ್ತದೆ. ಬೋರ್ಡಿನ 3 ವೋಲ್ಟಿನ ಬಿಲ್ಲೆಯಂಥ ಸೆಲ್ ಸತ್ತಿದ್ದರೆ, ಕರೆಂಟು ಹೋಗಿ ಬಂದಾಗ ಕಂಪ್ಯೂಟರ್ 2002ಕ್ಕೋ ಇನ್ನೆಲ್ಲಿಗೋ ಹಿಂದಿರುಗಿರುತ್ತದೆ. ಯಾದಗಿರಿ ಜಿಲ್ಲೆಯಾದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಅಂದರೆ ಜಿಲ್ಲಾ ಕೇಂದ್ರದ ಮೇಜಿನ ಮೇಲೆ ಕೂತ ಯಂತ್ರ ತಾನಿನ್ನೂ ಗುಲಬರ್ಗಾದ ತಾಲ್ಲೂಕಿನಲ್ಲಿದ್ದೇನೆಂದೇ ನಂಬಿರುತ್ತದೆ. ಬ್ಯಾಂಕಿನ ಪುಟ ತೆಗೆದರೆ, ಅದರ ಪ್ರಮಾಣಪತ್ರದ ಅವಧಿ ಇನ್ನೂ ಶುರುವೇ ಆಗಿಲ್ಲವೆಂದು ಬ್ರೌಸರು ತಕರಾರು ತೆಗೆಯುತ್ತದೆ. ಜನ ನೆಟ್‌ವರ್ಕಿಗೆ ಬೈಯುತ್ತಾರೆ, ಬ್ಯಾಂಕಿಗೆ ಬೈಯುತ್ತಾರೆ. ರಿಪೇರಿಯ ಹುಡುಗ ಮಾತ್ರ ತಾರೀಖಿನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಏನೂ ಆಗಿಲ್ರಿ, ಸೆಲ್ ಹೋಗ್ಯಾದ" ಎನ್ನುತ್ತಾನೆ.