ಕೊನೇ ಬಸ್ಸು ಹೋದ ಮೇಲಿನ ಸರ್ವಾನುಮತ

ದನಕ್ಕೆ ವಲಸೆಯ ಹಕ್ಕು ಬರೆದುಕೊಟ್ಟ ಸೀಮೆ ನಮ್ಮದು. ಚಿಕ್ಕದೇವರಾಜ ಒಡೆಯರ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತ ಮಹಲ್ ಆಯಿತು. ಬೇಸಿಗೆಗೊಂದು ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಸರ್ಕಾರವೇ ಹುಲ್ಲುಗಾವಲು ಹಂಚಿಟ್ಟಿತು. ಊರು ದಾಟಿ ಬಂದ ಹೋರಿಗೆ ‘ಎಲ್ಲಿಯವನಯ್ಯಾ ನೀನು, ಆಧಾರ್ ತೋರಿಸು’ ಎಂದವರಿಲ್ಲ. ಆ ತಳಿಯ ಯೋಗಕ್ಷೇಮಕ್ಕೆಂದೇ ಅಜ್ಜಂಪುರದಲ್ಲಿ 1929ರಿಂದ ಒಂದು ಕೇಂದ್ರವೂ ಇದೆ. ಇದೇ ಸೀಮೆಯ ಮನುಷ್ಯ ಮಳೆ ಕೈಕೊಟ್ಟ ವರ್ಷ ಚೌಳಹಿರಿಯೂರಿನಲ್ಲಿ ಗಂಟು ಕಟ್ಟಿ ಘಟ್ಟದ ಕಾಫಿ ತೋಟಕ್ಕೋ ಬೆಂಗಳೂರಿನ ಕಟ್ಟಡ ಕೆಲಸಕ್ಕೋ ಹೊರಟರೆ ಅವನ ಹೆಸರಿನಲ್ಲಿ ಯಾವ ಕಾವಲೂ ಇಲ್ಲ. ಕಾವಲುಗಾರ ಮಾತ್ರ ಇದ್ದಾನೆ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ.

ಇಂಥವರಿಗೊಂದು ಹೋರಾಟ ಬೇಕು ಎನ್ನುವುದರಲ್ಲಿ ಎರಡು ಮಾತಿಲ್ಲ. ಇನ್ನೂರು ಮಾತಿರುವುದು ಆ ಹೋರಾಟದ ತೀರ್ಮಾನ ಯಾರು ಮಾಡಬೇಕು ಎನ್ನುವುದರಲ್ಲಿ.

ಸರ್ಕಾರಕ್ಕೆ ಈ ತಾಪತ್ರಯವಿಲ್ಲ. 2020ರ ಮೇ 5ರಂದು, ಲಾಕ್‌ಡೌನಿನ ನಡುವೆ, ಅಂದಿನ ಮುಖ್ಯಮಂತ್ರಿ ಯಡಿಯೂರಪ್ಪನವರು ಬಿಲ್ಡರುಗಳನ್ನು ಕೂರಿಸಿಕೊಂಡು ಮಾತಾಡಿದರು. ವಲಸೆ ಕಾರ್ಮಿಕರು ಊರಿಗೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆಗೆ ಉತ್ತರ ಹೇಳಲು ಬಿಲ್ಡರಿಗಿಂತ ಯೋಗ್ಯರು ಯಾರಿದ್ದಾರೆ? ಸಭೆ ಮುಗಿಯಿತು, ರೈಲ್ವೆಗೆ ಪತ್ರ ಹೋಯಿತು, ಶ್ರಮಿಕ ರೈಲುಗಳು ರದ್ದಾದವು. ಇದರಿಂದ ಕಾರ್ಮಿಕರ ಕನಸುಗಳಿಗೇ ಮರುಚಾಲನೆ ಸಿಗುತ್ತದೆ ಎಂಬ ಅರ್ಥದಲ್ಲಿ ಸಂಸದರೊಬ್ಬರು ಟ್ವೀಟಿಸಿದರು. ಕನಸು ಕಾಣಬೇಕಾದವರು ಆಗಲೇ ಹೆದ್ದಾರಿಯಲ್ಲಿ ನಡೆಯುತ್ತಿದ್ದರು. ಬೈಗುಳ ದೇಶದ ನಾಲ್ಕೂ ದಿಕ್ಕಿನಿಂದ ಬಂದ ಮೇಲೆ ಎರಡೇ ದಿನಕ್ಕೆ ತೀರ್ಮಾನ ತಿರುಗಿತು, ರೈಲು ಹೊರಟಿತು. ತಪ್ಪು ತೀರ್ಮಾನವೇ ಇರಲಿ, ಆ ವೇಗ ನೋಡಿ! ಹೋರಾಟಗಾರರಾದ ನಾವಾಗಿದ್ದರೆ ಆ ಎರಡು ದಿನದಲ್ಲಿ ಅಧ್ಯಕ್ಷತೆ ಯಾರದೆಂಬುದೂ ತೀರುತ್ತಿರಲಿಲ್ಲ.

ಚೌಳಹಿರಿಯೂರಿನಲ್ಲೇ ಅಂಥದೊಂದು ಸಭೆ ಕರೆದೆವು ಎಂದಿಟ್ಟುಕೊಳ್ಳಿ. ಹತ್ತು ಗಂಟೆಗೆ ಕರೆದರೆ ಹನ್ನೆರಡಕ್ಕೆ ಶುರು. ಬೆಂಗಳೂರಿನಿಂದ ಬಂದ ಸಂಚಾಲಕರು ಮೈಕು ಹಿಡಿದು, ‘ಇದು ನಾಯಕರಿಲ್ಲದ ಚಳವಳಿ, ಇಲ್ಲಿ ಎಲ್ಲರೂ ಸಮಾನರು’ ಎಂದು ಮುಕ್ಕಾಲು ಗಂಟೆ ಹೇಳುತ್ತಾರೆ. ಸಮಾನರೆಲ್ಲ ನೆಲದ ಮೇಲೆ ಕೂತು ಕೇಳುತ್ತಾರೆ. ಆಮೇಲೆ ಹೊಸ ಪದ್ಧತಿ: ಕೈ ಎತ್ತಿ ಮತ ಹಾಕುವುದು ಹಳೆಯ ಕಾಲದ್ದು, ಸೋತವರಿಗೆ ನೋವಾಗುತ್ತದೆ, ಒಪ್ಪಿಗೆಯಾದರೆ ಎರಡೂ ಕೈ ಮೇಲೆತ್ತಿ ಬೆರಳು ಆಡಿಸಬೇಕು, ಸಂದೇಹವಿದ್ದರೆ ಬೆರಳು ಕೆಳಮುಖ. 2011ರಲ್ಲಿ ನ್ಯೂಯಾರ್ಕಿನ ವಾಲ್‌ಸ್ಟ್ರೀಟ್ ಪಕ್ಕದ ಪಾರ್ಕಿನಲ್ಲಿ ಡೇರೆ ಹಾಕಿದ್ದ ಹುಡುಗರು ಹೀಗೇ ಮಾಡುತ್ತಿದ್ದರಂತೆ. ಹಿಂದಿನ ಸಾಲಿನ ಅಜ್ಜಿ, ಯಾರಿಗೋ ಮೈಮೇಲೆ ಬಂತೆಂದು ಕೈ ಮುಗಿಯುತ್ತಾಳೆ.

ಮೊದಲ ವಿಷಯ, ಬ್ಯಾನರ್. ‘ವಲಸಿಗರು’ ಎನ್ನಬೇಕೋ, ‘ವಲಸೆ ಕಾರ್ಮಿಕರು’ ಎನ್ನಬೇಕೋ, ‘ಚಲನಶೀಲ ಶ್ರಮಜೀವಿಗಳು’ ಎನ್ನಬೇಕೋ? ಒಂದೂವರೆ ಗಂಟೆ. ಈ ಚರ್ಚೆಯಲ್ಲಿ ಮಾತಾಡಿದವರಲ್ಲಿ ಯಾರೊಬ್ಬರೂ ಕೆಲಸ ಹುಡುಕಿಕೊಂಡು ಊರು ಬಿಟ್ಟವರಲ್ಲ; ಪಿಎಚ್‌.ಡಿ. ಹುಡುಕಿಕೊಂಡು ಬಿಟ್ಟವರು ಇಬ್ಬರಿದ್ದಾರೆ.

ಎರಡನೆಯದು ಬ್ಯಾನರಿನ ವಿಷಯವಲ್ಲ, ಹೊಟ್ಟೆಯದು. ಘಟ್ಟದ ತೋಟಗಳ ಲೈನುಮನೆಗಳಲ್ಲಿ ಈಗ ಅಸ್ಸಾಮಿನವರು ತುಂಬಿದ್ದಾರೆ. ಅವರನ್ನು ಸಂಘಕ್ಕೆ ಸೇರಿಸಬೇಕೆ? ಎದ್ದು ನಿಂತವನು ವರ್ಷಗಟ್ಟಲೆ ತೋಟಕ್ಕೆ ಹೋಗಿಬಂದ ನಮ್ಮೂರಿನವನೇ: ‘ಅವರು ಬಂದು ಕೂಲಿ ಇಳಿಸಿದರು. ಅವರ ಕಾಗದಪತ್ರ ಯಾರಾದರೂ ನೋಡಿದ್ದೀರಾ? ಎಲ್ಲ ಬಾಂಗ್ಲಾದೇಶದವರು.’ ಅವನ ತಮ್ಮ ಬೆಂಗಳೂರಿನ ಹೊರವಲಯದ ಶೆಡ್ಡಿನಲ್ಲಿದ್ದಾನೆ. ಅಲ್ಲಿ ಇದೇ ಪ್ರಶ್ನೆ ತಮ್ಮನ ಬಾಗಿಲಿಗೆ ಬರುತ್ತದೆ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಹತ್ತಿರ ಕರಿಯಮ್ಮನ ಅಗ್ರಹಾರದಲ್ಲಿ ‘ಬಾಂಗ್ಲಾದವರು’ ಎಂದು ಜೆಸಿಬಿ ನುಗ್ಗಿಸಿ ಗುಡಿಸಲು ಕೆಡವಿದಾಗ, ಬೀದಿಗೆ ಬಿದ್ದವರಲ್ಲಿ ನಮ್ಮದೇ ಉತ್ತರ ಕರ್ನಾಟಕದವರೂ ಇದ್ದರು. ಕನ್ನಡದಲ್ಲೇ ಅತ್ತರು. ಜೆಸಿಬಿಗೆ ಭಾಷೆ ತಿಳಿಯದು. ಪ್ರಕರಣ ಹೈಕೋರ್ಟಿಗೆ ಹೋಗಿ, ಈ ತೆರವು ಕಾನೂನಿನ ಕ್ರಮವಲ್ಲ ಎನಿಸಿಕೊಂಡಿತು. ಅಷ್ಟರಲ್ಲಿ ಶೆಡ್ಡಿನ ಶೀಟು ಗುಜರಿಯಲ್ಲಿತ್ತು.

ಸಭೆಯ ಇಡೀ ತೂಕ ಇರುವುದು ಇದೊಂದು ಪ್ರಶ್ನೆಯ ಮೇಲೆ. ಇಲ್ಲಿ ಜಗಳವಾಡಬೇಕು, ಕೂಗಾಡಬೇಕು, ಕೂಲಿ ಇಳಿಸುವವನು ಅಸ್ಸಾಮಿನವನೋ ತೋಟದ ಮಾಲೀಕನೋ ಎಂದು ಲೆಕ್ಕ ಬಿಡಿಸಬೇಕು. ಆದರೆ ಜಗಳವೆಂದರೆ ಸಂಚಾಲಕರಿಗೆ ಆಗದು. ‘ಇದು ಸೂಕ್ಷ್ಮ ವಿಷಯ, ಉಪಸಮಿತಿಗೆ ಒಪ್ಪಿಸೋಣ’ ಎನ್ನುತ್ತಾರೆ. ಬೆರಳುಗಳು ಆಡುತ್ತವೆ. ಕರೆಸಿದ್ದ ಒಬ್ಬನೇ ಒಬ್ಬ ಅಸ್ಸಾಮಿ ಹುಡುಗನಿಗೆ ಏನಾಯಿತೆಂದು ಯಾರೂ ಹೇಳುವುದಿಲ್ಲ, ಅನುವಾದಕರನ್ನು ನೇಮಿಸುವ ಉಪಸಮಿತಿ ಇನ್ನೂ ಸೇರಬೇಕು. ಅವನೂ ಬೆರಳು ಆಡಿಸುತ್ತಾನೆ. ನಡಾವಳಿಯಲ್ಲಿ ಅದು ಬೆಂಬಲ ಎಂದು ದಾಖಲಾಗುತ್ತದೆ.

ಅಷ್ಟು ಹೊತ್ತಿಗೆ ಕಡೂರಿನ ಕೊನೇ ಬಸ್ಸಿನ ಹಾರ್ನು. ಬೆಳಗಾದರೆ ಕೆಲಸಕ್ಕೆ ಹಾಜರಾಗಬೇಕಾದವರೆಲ್ಲ ಚಪ್ಪಲಿ ಹುಡುಕುತ್ತಾರೆ. ಹೊಲದ, ಹಟ್ಟಿಯ, ಎಳೆಮಗುವಿನ ಚಿಂತೆಯಿರುವ ಹೆಂಗಸರು ಅದಕ್ಕೂ ಮೊದಲೇ ಎದ್ದು ಹೋಗಿದ್ದಾರೆ. ಉಳಿದವರು ಯಾರು? ಕಾರಿದ್ದವರು, ಸಂಬಳದ ರಜೆಯಿದ್ದವರು, ಗೆಸ್ಟ್‌ಹೌಸಿನಲ್ಲಿ ರೂಮು ಮಾಡಿದವರು. ಇಡೀ ದಿನ ಬಗೆಹರಿಯದ ಏಳು ವಿಷಯಗಳು ಮುಂದಿನ ಇಪ್ಪತ್ತು ನಿಮಿಷದಲ್ಲಿ ಸರ್ವಾನುಮತದಿಂದ ತೀರ್ಮಾನವಾಗುತ್ತವೆ.

ಗ್ರಾಮಸಭೆಗಾದರೂ ಒಂದು ಕೋರಂ ಇದೆ: ಹತ್ತರಲ್ಲೊಂದು ಪಾಲು ಮತದಾರರು ಅಥವಾ ನೂರು ಮಂದಿ, ಯಾವುದು ಕಡಿಮೆಯೋ ಅದು. ಅದನ್ನೂ ಮನೆಮನೆಗೆ ರಿಜಿಸ್ಟರು ಕಳಿಸಿ ಸಹಿ ಹಾಕಿಸಿ ತುಂಬುವ ವಿದ್ಯೆ ನಮ್ಮವರಿಗೆ ಗೊತ್ತು, ಆ ಮಾತು ಬೇರೆ. ಕದಿಯಲಿಕ್ಕಾದರೂ ಅಲ್ಲೊಂದು ನಿಯಮವಿದೆ. ನಿಯಮವೇ ದಬ್ಬಾಳಿಕೆ ಎನ್ನುವ ಚಳವಳಿಯಲ್ಲಿ ಕಳ್ಳತನವಾಯಿತೆಂದು ದೂರು ಕೊಡಲೂ ದಾರಿಯಿಲ್ಲ.

ಇದಕ್ಕಿಂತ ಚೆನ್ನಾಗಿ ಮಾಡಿದವರಿಲ್ಲವೇ? ಇದ್ದರು. ಕ್ಯಾಲಿಫೋರ್ನಿಯಾದ ಡೆಲಾನೋದಲ್ಲಿ 1965ರ ಸೆಪ್ಟೆಂಬರ್ 8ರಂದು ದ್ರಾಕ್ಷಿ ತೋಟದ ಫಿಲಿಪಿನೋ ಕೂಲಿಗಳು ಲ್ಯಾರಿ ಇಟ್ಲಿಯಾಂಗ್ ಜೊತೆ ಮುಷ್ಕರಕ್ಕೆ ಇಳಿದರು. ಅವರು ಬಿಟ್ಟ ಕೆಲಸಕ್ಕೆ ಮೆಕ್ಸಿಕನ್ನರನ್ನು ಹಚ್ಚುವುದು ಮಾಲೀಕರ ಹಳೆಯ ಚಾಳಿ. ನಮ್ಮ ಬಯಲುಸೀಮೆ ಮತ್ತು ಅಸ್ಸಾಮಿನ ಕಥೆಯೇ. ಸೀಸರ್ ಚಾವೇಜರ ಮೆಕ್ಸಿಕನ್ ಸಂಘ ಸೆಪ್ಟೆಂಬರ್ 16ರಂದು ಚರ್ಚಿನ ಸಭಾಂಗಣದಲ್ಲಿ ಸೇರಿತು. ಪ್ರಶ್ನೆ ಒಂದೇ: ಅವರ ಜೊತೆ ನಿಲ್ಲಬೇಕೋ ಬೇಡವೋ. ಮರುದಿನದ ಕೂಲಿ ಕಳೆದುಕೊಳ್ಳಬೇಕಾದವರೇ ಕೂತು ‘ನಿಲ್ಲೋಣ’ ಎಂದರು. ಬ್ಯಾನರಿನ ಒಕ್ಕಣೆಗೆ ಉಪಸಮಿತಿ ಮಾಡಿದರೋ ಇಲ್ಲವೋ, ಮುಷ್ಕರವನ್ನಂತೂ ಐದು ವರ್ಷ ನಡೆಸಿ 1970ರಲ್ಲಿ ಗೆದ್ದರು.

ಗೆದ್ದ ಮೇಲೆ ಅವರೂ ನಮ್ಮವರೇ ಆದರು, ಅದನ್ನು ಮುಚ್ಚಿಡುವುದೇಕೆ. ಎರಡು ಸಂಘ ಸೇರಿ ಒಂದಾಗಿದ್ದ ಸಂಘಟನೆಯಲ್ಲಿ ಚಾವೇಜರ ಸುತ್ತ ಓದಿದ ಸಲಹೆಗಾರರ ಕೋಟೆ ಎದ್ದಿತು. ಫಿಲಿಪಿನೋಗಳ ಮಾತಿಗೆ ಬೆಲೆಯಿಲ್ಲವೆಂದು ಬೇಸತ್ತು 1971ರಲ್ಲಿ ಇಟ್ಲಿಯಾಂಗ್ ರಾಜೀನಾಮೆ ಕೊಟ್ಟು ಹೊರನಡೆದರು. ಮುಷ್ಕರ ಶುರುಮಾಡಿದವನೇ ಹೊರಗೆ.

ನಮ್ಮಲ್ಲಿ ಅಷ್ಟು ವರ್ಷ ಕಾಯುವ ಪ್ರಮೇಯವಿಲ್ಲ. ಕೊನೇ ಬಸ್ಸು ಹೋದ ಮೇಲೂ ಒಂದು ಕೆಲಸ ಬಾಕಿಯಿರುತ್ತದೆ: ಸಮಿತಿಯಲ್ಲಿ ‘ಕಾರ್ಮಿಕರ ಪ್ರತಿನಿಧಿ’ ಎಂದು ಒಬ್ಬರು ಬೇಕು, ದೇಣಿಗೆ ಕೊಡುವವರು ಆ ಕಾಲಂ ಕೇಳುತ್ತಾರೆ. ಕಾರ್ಮಿಕರೆಲ್ಲ ಹೊರಟಾಗಿದೆ. ಆದರೆ ಬಾಗಿಲ ಬಳಿ ಬೆಳಗಿನಿಂದ ಮಾತಾಡದೆ ಕೂತ ಒಬ್ಬ ಮನುಷ್ಯನಿದ್ದಾನೆ. ಸ್ವಂತ ಪಿಕಪ್ ಇದೆ. ನಾಲ್ಕು ಭಾಷೆ ಬರುತ್ತದೆ, ಅಸ್ಸಾಮಿಯೂ ಸೇರಿ. ಎಲ್ಲ ಕೂಲಿಗಳ ಫೋನ್ ನಂಬರು, ಅವರವರ ಅಡ್ವಾನ್ಸಿನ ಲೆಕ್ಕದ ಸಮೇತ, ಅವನ ಜೇಬಿನ ಪುಸ್ತಕದಲ್ಲಿದೆ. ಬೆಳಿಗ್ಗೆ ಅಷ್ಟೂ ಜನರನ್ನು ಸಭೆಗೆ ತುಂಬಿಕೊಂಡು ಬಂದವನೂ ಅವನೇ. ತೋಟದ ಮೇಸ್ತ್ರಿ. ಸಂಚಾಲಕರು ಹೆಸರು ಸೂಚಿಸುತ್ತಾರೆ, ಉಳಿದವರೆಲ್ಲ ಎರಡೂ ಕೈ ಮೇಲೆತ್ತಿ ಬೆರಳು ಆಡಿಸುತ್ತಾರೆ. ಅವನು ಎದ್ದು ನಿಂತು ಕೃತಜ್ಞತೆ ಹೇಳಿ, ಮುಂದಿನ ಸಭೆಗೆ ಎಷ್ಟು ಆಳು ಬೇಕೆಂದು ಕೇಳುತ್ತಾನೆ.